ಮಡ್ಡಿಯ ಮೇಲಿನ ಹಾಳೂರು ಮತ್ತು ಅದರ ಹೊಲಗಳು: ಅಗೆಯದೆ ದಾಖಲಿಸುವ ಬಗೆ

ಬಾದಾಮಿ, ಗುಳೇದಗುಡ್ಡ, ಹುನಗುಂದದ ಮಡ್ಡಿಗಳಲ್ಲಿ (ಕಲ್ಲುನೆಲದ ದಿಬ್ಬಗಳಲ್ಲಿ) ಅಡ್ಡಾಡಿದವರಿಗೆ ಹಾಳೂರು, ಅಂದರೆ ಜನ ಬಿಟ್ಟುಹೋದ ಊರು, ಹೊಸತಲ್ಲ. ಹೊಲದ ನಡುವೆ ಒಂಟಿ ಹನುಮಪ್ಪನ ಗುಡಿ, ಅದರ ಹಿಂದೆ ಮುರುಕು ಗೋಡೆ, ಎರಡು ಹುಣಸಿ ಗಿಡ, ಕಾಲಿಟ್ಟಲ್ಲೆಲ್ಲ ಬೋಕಿ (ಒಡೆದ ಗಡಿಗೆಯ ಚೂರು). ನೋಡಲು ಬಂದವರು ಗುಡಿಯದೊಂದು, ವೀರಗಲ್ಲಿನದೊಂದು ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಆ ಊರನ್ನು ಸಾಕಿದ ಹೊಲ ಯಾರ ನಕ್ಷೆಯಲ್ಲೂ ಬರುವುದಿಲ್ಲ. ಒಡ್ಡು, ಕಣ, ಹಗೇವು (ಕಾಳು ತುಂಬಿಡುವ ನೆಲಗುಂಡಿ), ಕಲ್ಲುಗುಪ್ಪೆ, ಚಕ್ಕಡಿ ದಾರಿ ಇವನ್ನೆಲ್ಲ ಬಿಟ್ಟು ಬರೆದ ದಾಖಲೆ ಅರ್ಧ ಊರಿನ ದಾಖಲೆ. ಜೆಸಿಬಿ ಬಂದ ದಿನ ಮೊದಲು ಹೋಗುವುದೂ ಇವೇ. ಗುಡಿಯನ್ನು ಯಾರೂ ಕೆಡವುವುದಿಲ್ಲ, ಒಡ್ಡನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಹೇಳುವ ಕ್ರಮ ನಾಲ್ಕೈದು ಜನರ ತಂಡಕ್ಕೆ. ಎರಡು ಎಕರೆಯಷ್ಟು ಊರಿನ ಜಾಗ, ಅದರ ಸುತ್ತ ನಲವತ್ತು ಐವತ್ತು ಎಕರೆ ಹೊಲ ಎಂದಿಟ್ಟುಕೊಂಡರೆ ಊರಿಗೆ ಎರಡು ದಿನ, ಹೊಲಕ್ಕೆ ನಾಲ್ಕು ದಿನ ಬೇಕು. ಈ ಲೆಕ್ಕ ತಿರುವುಮುರುವು ಆಗಬಾರದು.

ಹೊರಡುವ ಮುಂಚೆ

ಕಂದಾಯ ದಾಖಲೆಯಲ್ಲಿ ಜನವಸತಿ ಇಲ್ಲದ ಊರಿಗೆ ‘ಬೇಚರಾಕ್ ಗ್ರಾಮ’ ಎನ್ನುತ್ತಾರೆ. ಮಾತು ಪಾರಸಿಯದು, ಅರ್ಥ ದೀಪವಿಲ್ಲದ್ದು. ತಾಲ್ಲೂಕಿನ ಬೇಚರಾಕ್ ಊರುಗಳ ಪಟ್ಟಿ ತಹಶೀಲ್ದಾರ ಕಚೇರಿಯಲ್ಲಿ ಸಿಗುತ್ತದೆ, ಗ್ರಾಮ ನಕಾಶೆ ಭೂದಾಖಲೆ ಕಚೇರಿಯಲ್ಲಿ. ನಕಾಶೆಯಲ್ಲಿ ‘ಗಾವಠಾಣ’ (ಮನೆಗಳಿರುವ ಊರಜಾಗ) ಎಂದು ಬರೆದ ತುಂಡು ಈಗ ಖಾಲಿ ಹೊಲವಾಗಿದ್ದರೆ ಅಲ್ಲಿ ಊರಿತ್ತು ಎಂದೇ ತಿಳಿಯಬಹುದು. ಹಳೆಯ ಕಾಗದ ಹುಡುಕುವಾಗ ಜಿಲ್ಲೆಯ ಹೆಸರು ಕಾಡುತ್ತದೆ: ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನದೆಲ್ಲ ವಿಜಾಪುರ ಜಿಲ್ಲೆಯ ಹೆಸರಿನಲ್ಲಿದೆ, 1880ರ ದಶಕಕ್ಕೂ ಹಿಂದಿನದು ಕಲಾದಗಿ ಜಿಲ್ಲೆಯ ಹೆಸರಿನಲ್ಲಿ.

ಊರಿನ ಹೆಸರು ‘ಹಾಳ’ ಎಂದು ಮುಗಿದ ಮಾತ್ರಕ್ಕೆ ಅದು ಹಾಳೂರಲ್ಲ. ಹಾಗೆ ಮುಗಿಯುವ ಎಷ್ಟೋ ಊರುಗಳಲ್ಲಿ ಇವತ್ತಿಗೂ ಒಲೆ ಉರಿಯುತ್ತಿದೆ.

ಉಪಗ್ರಹ ಚಿತ್ರ ನೋಡುವಾಗ ಏಪ್ರಿಲ್, ಮೇ ತಿಂಗಳವನ್ನೇ ಆರಿಸಿ. ಹುಲ್ಲು ಒಣಗಿ ಕಲ್ಲಿನ ಸಾಲು ಬೆಳ್ಳಗೆ ಎದ್ದು ಕಾಣುತ್ತದೆ. ಊರಿದ್ದ ಜಾಗ ಸುತ್ತಲಿನ ಮಸಾರಿಯ ಕೆಂಪಿನಲ್ಲಿ ಬೂದಿ ಬಣ್ಣದ ಕಲೆಯಾಗಿ ತೋರುತ್ತದೆ. ನೂರಾರು ವರ್ಷದ ಒಲೆಬೂದಿ, ಸಗಣಿ, ಕಸ ಕೂಡಿದ ಮಣ್ಣು ಅದು. ಹತ್ತು ವರ್ಷದ ಹಿಂದಿನ ಚಿತ್ರವನ್ನೂ ತೆರೆದು ಪಕ್ಕಪಕ್ಕ ಇಡಿ. ಹೋದ ಒಡ್ಡುಗಳು ಅಲ್ಲೇ ಸಿಗುತ್ತವೆ.

ಸರ್ವೆ ನಂಬರು ತಿಳಿಯಲು ಸರ್ಕಾರದ ‘ದಿಶಾಂಕ್’ ಆ್ಯಪ್ ಸಾಕು. ಅದರ ಗೆರೆ ನೆಲದ ಮೇಲಿನ ಬಾಂದುಕಲ್ಲಿಗೆ (ಸರ್ವೆಯ ಗಡಿಕಲ್ಲಿಗೆ) ಸರಿಯಾಗಿ ಕೂಡದೆ ಕೆಲವು ಮೀಟರು ಸರಿದಿರುವುದುಂಟು. ಹೀಗಾಗಿ ಅದು ನಂಬರು ತಿಳಿಯಲಿಕ್ಕೆ ಮಾತ್ರ, ಅಳತೆಗಲ್ಲ.

ಒಪ್ಪಿಗೆಯ ವಿಷಯದಲ್ಲಿ ಸಡಿಲ ಬೇಡ. ಹೊಲದ ಮಾಲೀಕರು, ಗ್ರಾಮ ಪಂಚಾಯಿತಿ, ಗ್ರಾಮ ಆಡಳಿತಾಧಿಕಾರಿ (ಊರವರ ಬಾಯಲ್ಲಿ ಇನ್ನೂ ತಲಾಠಿಯೇ) ಈ ಮೂವರಿಗೂ ಮೊದಲೇ ತಿಳಿಸಿ. ಅರಣ್ಯದ ಜಾಗವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬೀಳಗಿ, ಮುಧೋಳ ಕಡೆ ಯಡಹಳ್ಳಿ ಚಿಂಕಾರ ವನ್ಯಧಾಮವಿರುವುದು ನೆನಪಿರಲಿ. ಸಂರಕ್ಷಿತ ಸ್ಮಾರಕದ ಹತ್ತಿರವಾದರೆ ಕೇಂದ್ರ ಪುರಾತತ್ವ ಇಲಾಖೆಯ ಧಾರವಾಡ ವೃತ್ತವನ್ನೋ ರಾಜ್ಯ ಪುರಾತತ್ವ ಇಲಾಖೆಯನ್ನೋ ಕೇಳಿ. ಅಗೆಯುವುದು, ಕೆರೆಯುವುದು, ಎತ್ತಿಕೊಂಡು ಬರುವುದು ಈ ಕೆಲಸದಲ್ಲಿ ಇಲ್ಲವೇ ಇಲ್ಲ. ನಾಣ್ಯವೋ ಗಡಿಗೆಯೋ ಬಯಲಿಗೆ ಬಿದ್ದಿದ್ದರೆ ಅದನ್ನು ಮುಟ್ಟದೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು, ನಿಧಿ ಕಾಯ್ದೆಯ ಪ್ರಕಾರ.

ಮಡ್ಡಿಯಲ್ಲಿ ಟೇಪು ಹಿಡಿದು ನಿಂತವರನ್ನು ಊರವರು ಮೊದಲು ನಿಧಿಗಳ್ಳರು ಎಂದೇ ತಿಳಿಯುತ್ತಾರೆ. ಅವರ ತಪ್ಪಲ್ಲ, ಅಂಥವರು ಬಂದುಹೋಗಿದ್ದಾರೆ. ಮುಂಜಾನೆ ಬೆಳಕಿನಲ್ಲಿ ಹೋಗಿ, ಕತ್ತಲಾದ ಮೇಲೆ ಅಲ್ಲಿರಬೇಡಿ, ಹಾರೆ ಸಲಿಕೆ ಗಾಡಿಯಲ್ಲೂ ಇರಬಾರದು.

ಕಾಲ

ಹುಲ್ಲು ಮೇದು ಮುಗಿದ ಫೆಬ್ರುವರಿಯಿಂದ ಮೇ ನಡುವೆ ಗೋಡೆ, ಒಡ್ಡುಗಳ ಕೆಲಸ. ಬೆಳಗ್ಗೆ ಎಂಟೂವರೆ ಒಳಗೆ ಮತ್ತು ಸಂಜೆ ಐದರ ಮೇಲೆ ಓರೆ ಬಿಸಿಲಿಗೆ ಗೇಣುದ್ದ ಎತ್ತರದ ಬದುವಿಗೂ ನೆರಳು ಬೀಳುತ್ತದೆ. ನೆತ್ತಿಯ ಬಿಸಿಲಿಗೆ ಅದೇ ಬದು ಕಾಣದೇ ಹೋಗುತ್ತದೆ. ಬೋಕಿ ನೋಡಲು ಬೇರೆ ಕಾಲ: ರಂಟೆ ಹೊಡೆದ ಹೊಲದ ಮೇಲೆ ರೋಹಿಣಿ ಮಳೆ ಒಂದು ಬಿದ್ದು ಮಣ್ಣು ತೊಳೆದ ಮೇಲೆ, ಬಿತ್ತುವುದಕ್ಕೆ ಮೊದಲು. ಸಿಗುವುದು ನಾಲ್ಕಾರು ದಿನ ಮಾತ್ರ. ರೈತರಿಗೆ ಫೋನು ಮಾಡಿ ಕೇಳಿಕೊಂಡೇ ಹೊರಡಿ.

ಸಾಮಾನು

30 ಮೀಟರ್ ಫೈಬರ್ ಟೇಪು ಎರಡು, 5 ಮೀಟರಿನ ಸಣ್ಣ ಟೇಪು ಒಂದು. 20 ಸೆಂ.ಮೀ.ಗೊಂದು ಕೆಂಪು ಬಿಳಿ ಬಣ್ಣ ಹೊಡೆದ ಎರಡು ಮೀಟರ್ ಕೋಲು ಎರಡು. ನೈಲಾನ್ ದಾರ, ತೂಕದ ಗುಂಡು, ಗ್ರಾಫ್ ಹಾಳೆ, 2ಎಚ್ ಪೆನ್ಸಿಲು. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ನೀರಿನ ಪೈಪು 12 ಮೀಟರ್. ದಿಕ್ಸೂಚಿ ಇರಲಿ, ಆದರೆ ಅಮೀನಗಡ, ಹುನಗುಂದ ಕಡೆಯ ಕಬ್ಬಿಣದಂಶದ ಪಟ್ಟಿಕಲ್ಲಿನ ಮೇಲೆ ಅದರ ಮಾತು ಕೇಳಬೇಡಿ. ಅಂಥ ಕಡೆ ದೂರದ ಗುಡಿ ಶಿಖರವನ್ನೋ ಟವರನ್ನೋ ಗುರುತಿಟ್ಟು ದಿಕ್ಕು ಸರಿಮಾಡಿಕೊಳ್ಳಿ. ತಲೆಗೆ ನಾಲ್ಕು ಲೀಟರ್ ನೀರು. ಕಲ್ಲುಗುಪ್ಪೆಯಲ್ಲಿ ಮಂಡಲ ಹಾವು, ಚಪ್ಪಡಿಯ ಕೆಳಗೆ ಚೇಳು, ಮರಳುಗಲ್ಲಿನ ಕಡಿದಾದ ಅಂಚಿನಲ್ಲಿ ಹೆಜ್ಜೇನು ಇರುತ್ತವೆ. ಕಾಲುತುಂಬ ಬೂಟು ಬೇಕು, ಬರಿಗೈಯಿಂದ ಕಲ್ಲು ತಿರುವಬಾರದು.

ಮೊದಲ ದಿನ ಟೇಪು ಬಿಚ್ಚಬೇಡಿ

ಸುಮ್ಮನೆ ನಡೆಯಿರಿ. ಊರಿನ ನಡುವಿನಿಂದ ಹೊರಟು ನೀರಿನ ಕಡೆ ಒಂದು ಸಲ, ಗುಡ್ಡದ ಕಡೆ ಒಂದು ಸಲ, ಹಳೆಯ ದಾರಿ ಹಿಡಿದು ಒಂದು ಸಲ. ಜೊತೆಗೆ ಆ ಹೊಲ ಬಲ್ಲ ಹಿರಿಯರೊಬ್ಬರು ಇರಲಿ. ಕೇಳುವ ಮಾತು ಸಾದಾ ಇರಲಿ: “ಕಾಕಾರ, ಈ ಹೊಲಕ್ಕ ಏನಂತ ಕರೀತೀರ್ರಿ? ಈ ಒಡ್ಡ ಯಾರ ಹಾಕಿದ್ರು?” ಗುಡಿ ಹೊಲ, ಹಗೇದ ಹೊಲ, ಹಾಳೂರ ಪಟ್ಟಿ, ಕಣದ ಮಡ್ಡಿ ಎಂಬ ಹೆಸರುಗಳು ನೆಲದ ಮೇಲೆ ಅಳಿಸಿಹೋದದ್ದನ್ನು ಉಳಿಸಿಕೊಂಡಿರುತ್ತವೆ. ವಿಸ್ತೀರ್ಣ ಕೇಳಿದರೆ ‘ನಾಕ ಕೂರಿಗಿ ಹೊಲ’ ಎಂದಾರು. ಅದನ್ನು ಹಾಗೇ ಬರೆದುಕೊಳ್ಳಿ. ಕೂರಿಗೆಯ ಲೆಕ್ಕ ಒಂದೊಂದು ಕಡೆ ಒಂದೊಂದು, ಎಕರೆಗೆ ತಿರುಗಿಸಲು ಹೋಗಿ ಹೇಳಿದ ಮಾತನ್ನೇ ಕೆಡಿಸಬೇಡಿ. ಶಾಸನಗಳಲ್ಲಿ ಬರುವ ಮತ್ತರು ಎಂಬ ಹೊಲದ ಅಳತೆಗೂ ಇದೇ ಮಾತು. ಯಾವ ಘಳೆಯಿಂದ (ಅಳತೆಗೋಲಿನಿಂದ) ಅಳೆದದ್ದು ಎಂಬುದರ ಮೇಲೆ ಮತ್ತರು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

ಕಂಡದ್ದಕ್ಕೆಲ್ಲ ಅಂದೇ ನಂಬರು ಕೊಡಿ. ಮನೆಗೆ ಮ, ಗೋಡೆಗೆ ಗೋ, ಒಡ್ಡಿಗೆ ಒ, ಹಗೇವಿಗೆ ಹ, ಕಣಕ್ಕೆ ಕ, ಗುಪ್ಪೆಗೆ ಗು. ಒ-1, ಒ-2 ಹೀಗೆ. ಒಮ್ಮೆ ಕೊಟ್ಟ ನಂಬರು ಬದಲಾಗಬಾರದು. ನಂತರ ಒ-7 ಒಡ್ಡಲ್ಲ, ಬರೀ ಬಂಡೆಯ ಅಂಚು ಎಂದು ತಿಳಿದರೂ ಆ ನಂಬರನ್ನು ಬೇರೆಯದಕ್ಕೆ ಕೊಡದೆ ‘ಕೈಬಿಟ್ಟಿದೆ’ ಎಂದು ಬರೆಯಿರಿ.

ಮನೆ, ಗೋಡೆ

ಬಾದಾಮಿ ಕಡೆಯ ಮರಳುಗಲ್ಲು ಚಪ್ಪಡಿಯಾಗಿ ಒಡೆಯುತ್ತದೆ, ಗೋಡೆ ವರಸೆ ವರಸೆಯಾಗಿ ಕೂಡುತ್ತದೆ. ವಿಜಯಪುರದ ಕರಿಕಲ್ಲು ಗುಂಡಾಗಿರುವುದರಿಂದ ಅದೇ ಎತ್ತರಕ್ಕೆ ಗೋಡೆ ಹೆಚ್ಚು ದಪ್ಪ, ಬಿದ್ದಾಗ ರಾಶಿಯೂ ಹೆಚ್ಚು ಅಗಲ. ಖಾನಾಪುರ ಕಡೆ ಜಂಬಿಟ್ಟಿಗೆ. ಆದ್ದರಿಂದ ಒಂದು ಕಡೆಯ ಅಳತೆಯ ರೂಢಿಯನ್ನು ಇನ್ನೊಂದು ಕಡೆಗೆ ಒಯ್ಯಬೇಡಿ.

ಪ್ರತಿ ಗೋಡೆಗೆ ಬರೆಯಬೇಕಾದ್ದು: ದಪ್ಪ, ಉಳಿದ ಎತ್ತರ, ಎಷ್ಟು ವರಸೆ, ಒಂದು ಮುಖವೋ ಎರಡು ಮುಖ ಕಟ್ಟಿ ನಡುವೆ ಸಣ್ಣಕಲ್ಲು ಮಣ್ಣು ತುಂಬಿದ್ದೋ. ಎಲ್ಲಕ್ಕಿಂತ ಮುಖ್ಯ, ಕೂಡುವ ಮೂಲೆ. ಎರಡು ಗೋಡೆಯ ಕಲ್ಲು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಒಟ್ಟಿಗೆ ಎದ್ದದ್ದು. ಒಂದು ಇನ್ನೊಂದಕ್ಕೆ ಬರೀ ಆತುಕೊಂಡು ನಡುವೆ ನೇರ ಸೀಳು ಕಂಡರೆ ಆತದ್ದು ಆಮೇಲಿನದು. ಊರು ಬೆಳೆದ ಕ್ರಮವನ್ನು ಅಗೆಯದೆ ತಿಳಿಯಲು ಇದಕ್ಕಿಂತ ಗಟ್ಟಿ ದಾರಿ ಇಲ್ಲ. ಇಂಥ ಪ್ರತಿ ಮೂಲೆಯ ಫೋಟೊ ಕೋಲು ನಿಲ್ಲಿಸಿ ತೆಗೆಯಿರಿ.

ಈ ಸೀಮೆಯ ಮನೆ ಮೇಲ್ಮುದ್ದೆಯ ಮಾಳಿಗೆ, ಅಂದರೆ ಮಣ್ಣು ಹಾಕಿದ ಚಪ್ಪಟೆ ಮಾಡು. ಮಾಳಿಗೆ ಕುಸಿದಾಗ ಅದರ ಮಣ್ಣೆಲ್ಲ ಕೋಣೆಯೊಳಗೇ ಬೀಳುತ್ತದೆ. ಹೀಗಾಗಿ ಬಿದ್ದ ಮನೆ ನಾಲ್ಕು ಅಂಚು ಎತ್ತರ, ನಡುವೆ ಮಣ್ಣು ತುಂಬಿದ ತಟ್ಟೆಯ ಹಾಗೆ ಕಾಣುತ್ತದೆ. ಒಳಗೆ ಮಣ್ಣಿಲ್ಲದೆ ಬರೀ ಗೋಡೆಯ ಸುತ್ತು ಇದ್ದರೆ ಅದು ಹುಲ್ಲು ಹೊದಿಸಿದ್ದೋ, ಮಾಡೇ ಇಲ್ಲದ ಕುರಿ ಹಟ್ಟಿಯೋ ಆಗಿರಬಹುದು. ಗೋಡೆಗುಂಟ ಗ್ವಾದಲಿಯ (ದನಕ್ಕೆ ಮೇವು ಹಾಕುವ ತೊಟ್ಟಿಯ) ಕಲ್ಲು ಸಿಕ್ಕರೆ ಅದು ದನ ಕಟ್ಟುವ ಭಾಗ. ಒರಳು, ಬೀಸುಕಲ್ಲಿನ ಹೋಳು ಗೋಡೆಯಲ್ಲಿ ಸೇರಿಕೊಂಡಿದ್ದರೆ ಅದೂ ಬರೆಯುವಂಥದ್ದೇ: ಆ ಗೋಡೆ ಕಟ್ಟುವ ಹೊತ್ತಿಗೆ ಒಂದು ಮನೆ ಆಗಲೇ ಹಾಳಾಗಿತ್ತು.

ಹಗೇವು ಬಾಯಿ ಸಣ್ಣ, ಹೊಟ್ಟೆ ದೊಡ್ಡ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಗಡಿಗೆಯ ಹಾಗೆ ಅಗಲ. ಕುಸಿದ ಮೇಲೆ ಮೇಲಿಂದ ದುಂಡನೆ ತಗ್ಗು ಮಾತ್ರ. ನಿಧಿಗಳ್ಳರ ಗುಂಡಿಯಾದರೆ ಮೂಲೆ ಇರುತ್ತದೆ, ತೆಗೆದ ಮಣ್ಣು ಒಂದೇ ಮಗ್ಗುಲಿಗೆ ಬಿದ್ದಿರುತ್ತದೆ. ಗಿಡ ನೆಡಲು ತೋಡಿದ ಗುಂಡಿಗಳು ಸಮ ಅಂತರದಲ್ಲಿ ಸಾಲಾಗಿರುತ್ತವೆ. ಬಾಯಿ ತೆರೆದ ಹಗೇವಿಗೆ ಯಾವ ಕಾರಣಕ್ಕೂ ಇಳಿಯಬೇಡಿ, ತಲೆ ಹಾಕಿಯೂ ನೋಡಬೇಡಿ. ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ, ಅಂಚಿನ ಮಣ್ಣೂ ಜರಿಯುತ್ತದೆ. ಬಾಯಿಯ ಅಡ್ಡಳತೆ, ದಾರ ಬಿಟ್ಟು ಆಳ, ದೂರದಿಂದ ಫೋಟೊ, ಅಷ್ಟು ಸಾಕು.

ಹೊಲ

ವರ್ಷಕ್ಕೆ 600 ಮಿ.ಮೀ. ಸುತ್ತಮುತ್ತ ಇಲ್ಲವೇ ಅದಕ್ಕೂ ಕಡಿಮೆ ಮಳೆ, ಅದೂ ನಾಲ್ಕೈದು ದೊಡ್ಡ ಹೊಡೆತದಲ್ಲಿ. ಮಡ್ಡಿಯ ಮೇಲಿನ ಮಣ್ಣು ಕೆಲವು ಕಡೆ ಮೊಳಕೈ ಆಳವೂ ಇಲ್ಲ. ಇಲ್ಲಿ ಒಡ್ಡು ಹಾಕುವುದು ನೀರಿಗಿಂತ ಮಣ್ಣು ಹಿಡಿಯಲಿಕ್ಕೆ. ಒಡ್ಡಿನ ಮೇಲಿನ ಮಗ್ಗುಲಲ್ಲಿ ಮಣ್ಣು ತುಂಬುತ್ತಾ ಬರುತ್ತದೆ, ಕೆಳಗಿನ ಮಗ್ಗುಲು ಕೊಚ್ಚಿ ಇಳಿಯುತ್ತದೆ. ಆದ್ದರಿಂದ ಒಡ್ಡಿನ ಎತ್ತರ ಎಂದು ಒಂದೇ ಸಂಖ್ಯೆ ಬರೆದರೆ ಉಪಯೋಗವಿಲ್ಲ. ಮೇಲಿನ ನೆಲದಿಂದ ಎಷ್ಟು, ಕೆಳಗಿನ ನೆಲದಿಂದ ಎಷ್ಟು ಎಂದು ಎರಡು ಬರೆಯಿರಿ. ಮೇಲೆ 20 ಸೆಂ.ಮೀ., ಕೆಳಗೆ 1 ಮೀಟರ್ ಇದ್ದರೆ 80 ಸೆಂ.ಮೀ. ವ್ಯತ್ಯಾಸ. ಅಷ್ಟು ಮಣ್ಣು ಕೂಡಲು ಬಹಳ ಬೇಸಾಯ ಬೇಕು. ಎರಡೂ ಕಡೆ ಒಂದೇ ಎತ್ತರವಿದ್ದರೆ ಒಡ್ಡು ಹೊಸದು, ಇಲ್ಲವೇ ಆ ಹೊಲ ಹೆಚ್ಚು ಕಾಲ ಉತ್ತದ್ದಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗುಡ್ಡದ ಮಗ್ಗುಲಲ್ಲಿ ಉದ್ದಕ್ಕೂ ಓಡುವ ಬದುಗಳನ್ನು ಕಂಡು ಚಾಲುಕ್ಯರ ಕಾಲದ ಹೊಲ ಎಂದುಬಿಡುವುದು. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆಯ ಕೆಳಗೆ ಈ ಸೀಮೆಯಲ್ಲಿ ಸಮಪಾತಳಿ ಬದುಗಳನ್ನು (ಒಂದೇ ಎತ್ತರದ ಮಟ್ಟ ಹಿಡಿದು ಹೋಗುವ ಬದುಗಳನ್ನು) ಹಾಕಿಸಿದರು. ಆಮೇಲೆ 1972ರ ಬರಗಾಲದ ಕಾಮಗಾರಿ, ಜಲಾನಯನ ಯೋಜನೆ, ಉದ್ಯೋಗ ಖಾತ್ರಿ. ಇವುಗಳ ಗುರುತು ಹೀಗೆ: ಅಡ್ಡಸೀಳು ಉದ್ದಕ್ಕೂ ಒಂದೇ ಅಳತೆ, ಬದುವಿನಿಂದ ಬದುವಿಗೆ ಹೆಚ್ಚುಕಡಿಮೆ ಸಮ ಅಂತರ, ಮಗ್ಗುಲಲ್ಲಿ ಮಣ್ಣು ತೆಗೆದ ಚೌಕ ಗುಂಡಿಗಳ ಸಾಲು, ನಡುನಡುವೆ ಕಲ್ಲು ಜೋಡಿಸಿದ ಕೋಡಿ. ಹೊಲದ ಗಡಿ ಯಾರದೆಂದು ನೋಡದೆ ಪಾತಳಿ ಹಿಡಿದು ಹೋಗಿರುತ್ತವೆ. ಹಳೆಯ ಒಡ್ಡು ಹಾಗಲ್ಲ. ಬಂಡೆಯಿಂದ ಬಂಡೆಗೆ ಜಿಗಿಯುತ್ತದೆ, ಒಂದು ಕಡೆ ಮೂರು ವರಸೆ ಇನ್ನೊಂದು ಕಡೆ ಏಳು, ತುಂಡು ತುಂಡಾಗಿ ಆಗಾಗ ದುರಸ್ತಿಯಾದದ್ದು. ಹೊಸ ಬದು ಹಳೆಯ ಒಡ್ಡಿನ ಮೇಲೆ ಹತ್ತಿ ಹೋಗಿರುವುದೂ ಉಂಟು. ಆ ಕೂಡುವ ಜಾಗವನ್ನು ಹುಡುಕಿ, ಯಾವುದು ಯಾವುದರ ಮೇಲಿದೆ ನೋಡಿ.

ಕಲ್ಲಿನ ಮೈ ಕೂಡ ಹೇಳುತ್ತದೆ. ಬಿಸಿಲಿಗೆ ತೆರೆದ ಮುಖವೆಲ್ಲ ಒಂದೇ ತೆರನಾಗಿ ಕಪ್ಪಿಟ್ಟು ಬೂದುಬಣ್ಣದ ಕಲೆ ಹಿಡಿದಿದ್ದರೆ ಬಹುಕಾಲದಿಂದ ಕದಲಿಲ್ಲ. ನಡುನಡುವೆ ಹಸಿ ಕೆಂಪು ಮುಖ ಕಂಡರೆ ಈಚೆಗೆ ಎತ್ತಿಟ್ಟದ್ದು. ಆದರೆ ಇದರಿಂದ ವರ್ಷ ಹೇಳಲು ಬಾರದು. ಕಲ್ಲು ಸೀಳಿದ ಗುರುತೂ ನೋಡಿ: ಚೌಕ ಬೆಣೆಗುಳಿ ಕೈಕೆಲಸದ್ದು, ದುಂಡನೆಯ ಉದ್ದ ತೂತಿನ ಅರ್ಧ ಉಳಿದಿದ್ದರೆ ಯಂತ್ರದ್ದು.

ಹಳ್ಳಕ್ಕೆ ಅಡ್ಡ ಕಟ್ಟಿ ಹೂಳು ತುಂಬಿಸಿ ಮಾಡಿದ ಹೊಲ ಮಡ್ಡಿಯ ಅತಿ ಬೆಲೆಯ ಹೊಲ. ಅಂಥ ಒಡ್ಡು ಒಡೆದಿದ್ದರೆ ಹಳ್ಳವೇ ನಿಮಗಾಗಿ ಸೀಳು ತೋರಿಸಿರುತ್ತದೆ. ಕೆರೆಯದೆ, ಕೋಲು ನಿಲ್ಲಿಸಿ ಫೋಟೊ ತೆಗೆದು, ಮೇಲಿನಿಂದ ಕೆಳಕ್ಕೆ ಪದರದ ಬಣ್ಣ, ದಪ್ಪ, ಬೋಕಿ ಎಷ್ಟು ಆಳದಲ್ಲಿದೆ ಎಂದು ಬರೆಯಿರಿ. ಮಳೆಗಾಲ ಕಳೆದ ಮೇಲೆ ಮತ್ತೆ ಹೋಗಿ ನೋಡಿ. ಅದೇ ಸೀಳು ಒಂದು ಮಳೆಗೆ ಅರ್ಧ ಮೀಟರ್ ಹಿಂದೆ ಸರಿದಿರಬಹುದು.

ಕಲ್ಲುಗುಪ್ಪೆಯ ವಿಷಯದಲ್ಲಿ ಆತುರ ಬೇಡ. ಹೊಲದಿಂದ ಆರಿಸಿ ಹಾಕಿದ ಗುಪ್ಪೆಯಲ್ಲಿ ಮುಷ್ಟಿಯಿಂದ ತಲೆಗಾತ್ರದ, ಒಬ್ಬರು ಎತ್ತಬಲ್ಲ ಕಲ್ಲೇ ಇರುತ್ತವೆ. ಬಂಡೆಯ ಮೇಲೋ ಹೊಲದಂಚಿಗೋ ಹಾಕಿರುತ್ತಾರೆ, ಆಕಾರ ಇರುವುದಿಲ್ಲ. ನೆಲದಲ್ಲಿ ಅರ್ಧ ಹೂತ ದೊಡ್ಡ ಕಲ್ಲುಗಳ ಸುತ್ತು, ನಡುವೆ ಸಣ್ಣ ದಿಬ್ಬ ಇದ್ದರೆ ಅದು ಬೃಹತ್ ಶಿಲಾಯುಗದ ಗೋರಿ ಇರಬಹುದು. ಐಹೊಳೆಯ ಮೇಗುತಿ ಗುಡ್ಡದ ಮೇಲಿನ ಕಲ್ಗೋರಿಗಳಿಗೆ ಜನ ‘ಮೋರೆರ ಅಂಗಡಿ’ ಎನ್ನುತ್ತಾರೆ, ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲೂ ಇಂಥವಿವೆ. ಅವೆರಡನ್ನೂ ಒಮ್ಮೆ ನೋಡಿ ಬಂದವರಿಗೆ ಗುಪ್ಪೆ, ಗೋರಿ ಬೇರೆ ಮಾಡುವುದು ಸಲೀಸು. ಅನುಮಾನವಿದ್ದರೆ ‘ಗುಪ್ಪೆ, ಯಾತಕ್ಕೆಂದು ತಿಳಿಯದು’ ಎಂದೇ ಬರೆಯಿರಿ. ಗೋರಿ ಎಂದು ತಪ್ಪಿ ಬರೆದದ್ದು ಮಾರನೇ ಅಮಾವಾಸ್ಯೆಗೆ ಹಾರೆ ಕರೆತರುತ್ತದೆ.

ಕಣ ಸಿಗುವುದು ಊರಿಗೆ ಹತ್ತಿರ, ಗಾಳಿಗೆ ತೆರೆದ ಕಡೆ. ಹಾಸುಬಂಡೆ ಇದ್ದಲ್ಲಿ ಅದೇ ಕಣ. ನಡುವೆ ಮೇಟಿ (ಎತ್ತು ಕಟ್ಟುವ ಕಂಬ) ನಿಲ್ಲಿಸಿದ ಕುಳಿ, ಸುತ್ತ ಹಂತಿ ಹೊಡೆದು, ಅಂದರೆ ತೆನೆ ತುಳಿಸಿ, ಎತ್ತಿನ ಗೊರಸಿಗೆ ನುಣುಪಾದ ಉಂಗುರ. ಕುಳಿಯ ಅಗಲ, ಆಳ, ಕುಳಿಯಿಂದ ನುಣುಪಿನ ಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. ಒರಳುಕುಳಿಯನ್ನು ಮೇಟಿಕುಳಿ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಒರಳು ಒಳಗೆ ನುಣುಪಾಗಿ ತಳ ದುಂಡಗಿರುತ್ತದೆ, ಮೇಟಿಕುಳಿಯೊಳಗೆ ಉಳಿಯ ಗೀರು ಉಳಿದಿರುತ್ತದೆ. ಚಕ್ಕಡಿ ದಾರಿ ಬಂಡೆಯ ಮೇಲೆ ಜೋಡಿ ಗೆರೆಯಾಗಿ ಸವೆದಿದ್ದರೆ ನಡುವಿನಿಂದ ನಡುವಿಗೆ ಅಗಲ ಅಳೆದು, ಎಲ್ಲಿ ಶುರು, ಎಲ್ಲಿ ಮುಗಿತು ಎಂದು ಗುರುತಿಡಿ. ಆ ದಾರಿ ಹೊಲಕ್ಕೆ ಹೋದದ್ದೋ ಕಲ್ಲಿನ ಗಣಿಗೋ ಎಂಬುದು ತಿಳಿಯುವುದು ಅದರ ತುದಿಯಲ್ಲಿ.

ಸೂರ್ಯ ಚಂದ್ರ, ಲಿಂಗಮುದ್ರೆ, ಆಕಳು ಕರು ಕೆತ್ತಿದ ಗಡಿಕಲ್ಲು ಸಿಕ್ಕರೆ ಅದು ನಿಂತಿದೆಯೋ ಬಿದ್ದಿದೆಯೋ, ಮುಖ ಯಾವ ದಿಕ್ಕಿಗಿದೆ ಬರೆಯಿರಿ. ಉಳುವಾಗ ಅಡ್ಡ ಬಂತೆಂದು ಬದುವಿಗೆ ಸರಿಸಿದ ಕಲ್ಲು ಬಹಳ, ಮೂಲ ಜಾಗ ಎಲ್ಲಿತ್ತೆಂದು ಹೊಲದವರನ್ನೇ ಕೇಳಬೇಕು. ಅಕ್ಷರ ಇದ್ದರೆ ಸುಣ್ಣ, ಅರಿಶಿಣ, ಎಣ್ಣೆ ಏನನ್ನೂ ಬಳಿಯಬೇಡಿ. ಹೊತ್ತು ಮುಳುಗುವ ಮುನ್ನ ಕಲ್ಲಿಗೆ ನೆರಳು ಮಾಡಿ ಮಗ್ಗುಲಿಂದ ಟಾರ್ಚು ಹಿಡಿದರೆ ಸವೆದ ಅಕ್ಷರವೂ ಏಳುತ್ತದೆ. ಪಟ್ಟದಕಲ್ಲಿನ ಸುತ್ತಲಿನ ನಾಡಿಗೆ ಶಾಸನಗಳಲ್ಲಿ ಕಿಸುಕಾಡು ಎಪ್ಪತ್ತು (ಎಪ್ಪತ್ತು ಊರುಗಳ ನಾಡು) ಎಂಬ ಹೆಸರಿದೆ ಎಂದು, ಕಂಡ ಪ್ರತಿ ಹಾಳೂರನ್ನೂ ಆ ಎಪ್ಪತ್ತರಲ್ಲಿ ಒಂದಾಗಿಸುವ ಚಪಲ ಬೇಡ.

ಬೋಕಿ ಎಣಿಸುವುದು

ಒಂದು ಗೂಟಕ್ಕೆ 113 ಸೆಂ.ಮೀ. ದಾರ ಕಟ್ಟಿ ಸುತ್ತಿದರೆ ಆ ವೃತ್ತದ ಒಳಗೆ ಸರಿಯಾಗಿ 4 ಚದರ ಮೀಟರ್ ಬರುತ್ತದೆ. ಗೂಟವನ್ನು ಹೊಡೆಯದೆ ಕೈಯಲ್ಲಿ ಹಿಡಿದು ನಿಲ್ಲಿ. ಊರಿನ ನಡುವಿನಿಂದ ನಾಲ್ಕು ದಿಕ್ಕಿಗೂ 20 ಮೀಟರಿಗೊಂದು ವೃತ್ತ ಹಾಕಿ, 2 ಸೆಂ.ಮೀ.ಗಿಂತ ದೊಡ್ಡ ಬೋಕಿ ಎಣಿಸಿ. ಅಂಚು ಚೂಪಾಗಿದೆಯೋ ಸವೆದಿದೆಯೋ ಬರೆದು, ಬಾಯಂಚಿನ ಚೂರಿದ್ದರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಅಲ್ಲೇ ಬಿಡಿ.

ಸಂಖ್ಯೆಯನ್ನು ಓದುವುದರಲ್ಲಿ ಕೆಲಸವಿದೆ. ತಿಪ್ಪೆಗೊಬ್ಬರದ ಜೊತೆ ಒಡೆದ ಗಡಿಗೆಯ ಚೂರೂ ಹೊಲಕ್ಕೆ ಹೋಗುತ್ತದೆ. ಹೀಗಾಗಿ ಊರಿನಿಂದ ದೂರದಲ್ಲಿ ತೆಳ್ಳಗೆ ಚೆದುರಿದ, ಸಣ್ಣ, ಸವೆದ ಬೋಕಿ ಗೊಬ್ಬರ ಹಾಕಿದ ಹೊಲದ ಎಲ್ಲೆಯನ್ನು ತೋರಿಸುತ್ತದೆಯೇ ಹೊರತು ಇನ್ನೊಂದು ಊರನ್ನಲ್ಲ. ಇದಕ್ಕೆ ಎದುರು ಮೋಸ ಹಾಳಮಣ್ಣಿನದು. ಹಾಳೂರಿನ ಬೂದಿಮಣ್ಣು ಒಳ್ಳೆ ಗೊಬ್ಬರವೆಂದು ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಹೇರಿ ಹೊಲಕ್ಕೆ ಹಾಕಿದ್ದಾರೆ. ಅಲ್ಲಿ ದಟ್ಟವಾಗಿ, ಚೂಪಂಚಿನ ದೊಡ್ಡ ಬೋಕಿ ಸಿಗುತ್ತದೆ, ಊರೇ ಇತ್ತೆಂದು ಅನಿಸುತ್ತದೆ. ಗೋಡೆಯ ಕಲ್ಲಿಲ್ಲದೆ ಬರೀ ಬೋಕಿ ಇದ್ದರೆ, ಅದೂ ಒಂದು ಹೊಲದ ಬದುವಿಗೆ ಕತ್ತರಿಸಿದಂತೆ ನಿಂತರೆ, ಮೊದಲು ಕೇಳಬೇಕಾದ್ದು ಇದೇ: “ಹಾಳಮಣ್ಣ ಎಲ್ಲಿಂದ ಹೇರಿದ್ರಿ?”

ಕಾಲದ ಅಂದಾಜು ಒರಟಾಗಿಯೇ ಇರಲಿ. ಕೈಯಿಂದ ಮಾಡಿದ ಬೂದುಬಣ್ಣದ ನಯಗೊಳಿಸಿದ ಚೂರು ನವಶಿಲಾಯುಗದ ಕಡೆಗೆ, ಒಳಗೆ ಕಪ್ಪು ಹೊರಗೆ ಕೆಂಪು ಇರುವುದು ಕಬ್ಬಿಣಯುಗದ ಕಡೆಗೆ, ಕೆಂಗಾವಿ ಲೇಪದ ಕೆಳಗೆ ಬಿಳಿ ಗೆರೆ ಇರುವುದು ಶಾತವಾಹನರ ಕಾಲದ ಕಡೆಗೆ ಕೈತೋರುತ್ತವೆ. ಮಂಗಳೂರು ಹೆಂಚಿನ ಚೂರು ಕಂಡರೆ ಅಲ್ಲಿ 1865ರ ಈಚೆಗೂ ಏನೋ ನಡೆದಿದೆ. ಎಲ್ಲವೂ ಒಂದೇ ವೃತ್ತದಲ್ಲಿ ಸಿಗಬಹುದು. ಆಗ ಎಲ್ಲವನ್ನೂ ಬರೆಯಿರಿ, ಹಳೆಯದೊಂದನ್ನೇ ಆರಿಸಬೇಡಿ.

ಅಳತೆ

ಊರಿನ ಉದ್ದಕ್ಕೆ 30 ಮೀಟರಿನ ಮೂಲಗೆರೆ ಎಳೆದು, ಅದರಿಂದ ಲಂಬಕ್ಕೆ ಗೋಡೆಮೂಲೆಗಳ ದೂರ ತೆಗೆಯಿರಿ. ಲಂಬ ಹಿಡಿಯಲು ದಾರದಲ್ಲಿ 3, 4, 5 ಮೀಟರಿನ ತ್ರಿಕೋನ ಸಾಕು. ಲಂಬದ ದೂರ 10 ಮೀಟರ್ ದಾಟಿದರೆ ತಪ್ಪು ಬೆಳೆಯುತ್ತದೆ, ಆಗ ಮೂಲಗೆರೆಯ ಎರಡು ಬಿಂದುಗಳಿಂದ ಎರಡು ಟೇಪು ಹಿಡಿದು ಮೂಲೆಯನ್ನು ಕತ್ತರಿಸಿ. ಪ್ರತಿ ಕೋಣೆಗೆ ಒಂದು ಕರ್ಣ ಅಳೆಯಿರಿ. ಮನೆಗೆ ಹಾಳೆಯಲ್ಲಿ 1:100, ಊರಿಗೆ 1:500, ಹೊಲಕ್ಕೆ 1:2000.

ಇಳಿಜಾರಿನಲ್ಲಿ ನೆಲಕ್ಕೆ ಹಾಸಿದ ಟೇಪು ಸುಳ್ಳು ಹೇಳುತ್ತದೆ. 15 ಡಿಗ್ರಿ ಇಳಿಜಾರಿನಲ್ಲಿ ಟೇಪಿನ ಮೇಲೆ 30 ಮೀಟರ್ ಬಂದದ್ದು ನಕ್ಷೆಯಲ್ಲಿ 29 ಮೀಟರ್ ಮಾತ್ರ. ಐದೈದು ಮೀಟರಿಗೆ ಟೇಪನ್ನು ಮಟ್ಟವಾಗಿ ಹಿಡಿದು, ತೂಕದ ಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಒಡ್ಡಿನಿಂದ ಒಡ್ಡಿಗೆ ಎತ್ತರದ ವ್ಯತ್ಯಾಸಕ್ಕೆ ನೀರಿನ ಪೈಪು. ಒಳಗೆ ಒಂದು ಗುಳ್ಳೆ ಉಳಿದರೂ ಮಟ್ಟ ಕೆಡುತ್ತದೆ. ತುಂಬಿದ ಮೇಲೆ ಎರಡು ತುದಿ ಜೊತೆಗಿಟ್ಟು ನೀರು ಸಮ ನಿಂತಿತೇ ನೋಡಿಯೇ ಶುರು ಮಾಡಿ.

ಫೋನಿನ ಜಿಪಿಎಸ್ ಬಯಲಲ್ಲಿ ಐದು ಮೀಟರಿನಷ್ಟು ಆಚೀಚೆ, ಬಂಡೆಯ ಮಗ್ಗುಲಲ್ಲಿ ಅದಕ್ಕೂ ಹೆಚ್ಚು. ಒಡ್ಡಿನ ಎರಡು ತುದಿಗೆ ಆದೀತು, ಗೋಡೆಯ ಮೂಲೆಗೆ ಆಗದು. ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಐದು ಸ್ಥಾನಕ್ಕೆ ಬರೆಯಿರಿ. ಯುಟಿಎಂ (ಮೀಟರಿನಲ್ಲಿ ಜಾಗ ಗುರುತಿಸುವ ನಕ್ಷೆಯ ಪದ್ಧತಿ) ಬಳಸಿದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗೆ ವಲಯ 43 ಉತ್ತರ.

ಮನೆಗೆ ಬಂದ ದಿನವೇ ಫೋಟೊಗಳಿಗೆ ನಂಬರು ಮತ್ತು ನೋಡಿದ ದಿಕ್ಕು ಸೇರಿಸಿ ಹೆಸರಿಡಿ: ಒ-12, ಪೂರ್ವಕ್ಕೆ. ಒಂದು ವಾರ ಬಿಟ್ಟರೆ ನಲವತ್ತು ಒಡ್ಡಿನ ಫೋಟೊ ಒಂದೇ ಒಡ್ಡಿನಂತೆ ಕಾಣುತ್ತದೆ. ನಕ್ಷೆ, ಪಟ್ಟಿ, ಫೋಟೊಗಳ ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ, ಒಂದು ಪಂಚಾಯಿತಿಗೆ, ಒಂದು ಹೊಲದ ಮಾಲೀಕರ ಕೈಗೆ. ಅಂತರ್ಜಾಲಕ್ಕೆ ಹಾಕುವುದಾದರೆ ಜಾಗವನ್ನು ದಶಮಾಂಶದ ಎರಡೇ ಸ್ಥಾನಕ್ಕೆ ಇಳಿಸಿ. ಆಗ ಗುರುತು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಹಗೇವು, ಗೋರಿಗಳ ಫೋಟೊದಲ್ಲಿ ಹಿಂದಿನ ಗುಡ್ಡದ ಸಾಲು ಕಾಣದಂತೆ ಕತ್ತರಿಸಿ, ಫೋನು ಫೋಟೊದೊಳಗೆ ಬರೆದಿಟ್ಟ ಜಿಪಿಎಸ್ ಮಾಹಿತಿಯನ್ನೂ ಅಳಿಸಿ ಹಾಕಿ.